ಸೆಕೆಂಡ್ ಹ್ಯಾಂಡ್ ಬೀರು, ಸೋಫಾ, ಪುಸ್ತಕ, ಫ್ರಿಜ್: ಸಿಗರೇಟು ವಾಸನೆ ಬಿಡಿಸುವುದು ಹೇಗೆ?

ಮನೆವಾರ್ತೆ

ಊರು ಬಿಟ್ಟು ಹೋಗುತ್ತಿದ್ದವರಿಂದ ಒಟ್ಟಿಗೆ ಕೊಂಡ ಸಾಮಾನು: ಎರಡು ಬಾಗಿಲಿನ ತೇಗದ ಬೀರು (ಒಳಗೆ ಮೂರು ಡ್ರಾಯರ್, ಹಿಂದೆ ಪ್ಲೈವುಡ್), ಬಟ್ಟೆ ಹೊದಿಸಿದ ಮೂರು ಸೀಟಿನ ಸೋಫಾ, ಕಾಟನ್ ಪರದೆಗಳು, ಒಂದು ಪೆಟ್ಟಿಗೆ ಹಳೇ ಪುಸ್ತಕ, ಸಿಂಗಲ್ ಡೋರ್ ಫ್ರಿಜ್. ಎಲ್ಲದರಲ್ಲೂ ಸಿಗರೇಟು ವಾಸನೆ. ಬೀರುವಿನೊಳಗೆ ಅಡುಗೆ ಸೋಡಾ ಬಟ್ಟಲು ಇಟ್ಟಾಯಿತು, ಕಾಫಿಪುಡಿ ಇಟ್ಟಾಯಿತು, ಸಾಂಬ್ರಾಣಿ ಹೊಗೆಯೂ ಆಯಿತು. ಬಾಗಿಲು ತೆರೆದಿದ್ದರೆ ಗೊತ್ತಾಗುವುದಿಲ್ಲ, ಮುಚ್ಚಿ ಮಾರನೇ ದಿನ ತೆರೆದರೆ ಮತ್ತೆ ಅದೇ. ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದಕ್ಕೆ ದುಡ್ಡು ಹಾಕುವುದು ದಂಡ? ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ.

ರಸಾಯನ_ಮೇಷ್ಟ್ರು

ಸೋಡಾ ಬಟ್ಟಲು ಯಾಕೆ ಕೈಕೊಟ್ಟಿತು ಅನ್ನುವುದರಿಂದಲೇ ಶುರು ಮಾಡೋಣ. ಸಿಗರೇಟು ಹೊಗೆ ಸಾಮಾನಿನ ಮೇಲೆ ಬಿಟ್ಟುಹೋಗುವುದು ಮುಖ್ಯವಾಗಿ ಎರಡು ಬಗೆಯ ವಸ್ತು. ಒಂದು ಟಾರ್, ಕಂದು ಬಣ್ಣದ ಅಂಟು ಜಿಡ್ಡು. ಇನ್ನೊಂದು ನಿಕೋಟಿನ್ ಮತ್ತು ಅದರ ಜೊತೆಗಾರರಾದ ಪಿರಿಡಿನ್ ಗುಂಪಿನ ಸಂಯುಕ್ತಗಳು. ತಣ್ಣಗಾದ ಆಶ್‌ಟ್ರೇಯ ಆ ಕಟು ವಾಸನೆಯಲ್ಲಿ ಪಿರಿಡಿನ್‌ಗಳ ಪಾಲು ದೊಡ್ಡದು. ಇವೆಲ್ಲ ಪ್ರತ್ಯಾಮ್ಲಗಳು. ಅಡುಗೆ ಸೋಡಾ ಕೂಡ ಪ್ರತ್ಯಾಮ್ಲವೇ. ಹುಳಿ ಹಾಲು, ಬೆವರು ಇಂಥ ಆಮ್ಲೀಯ ವಾಸನೆಯನ್ನು ಅದು ಹಿಡಿಯುತ್ತದೆ. ಪಿರಿಡಿನ್ನನ್ನು ಹಿಡಿಯುವ ಗುಣ ಅದಕ್ಕಿಲ್ಲ. ಸಾಂಬ್ರಾಣಿಯಂತೂ ಹೊಗೆಯ ಮೇಲೆ ಇನ್ನೊಂದು ಹೊಗೆ.

ಹಿಡಿಯುವುದು ಆಮ್ಲ. ವಿನೆಗರ್ ಇಲ್ಲವೇ ಸಿಟ್ರಿಕ್ ಆಸಿಡ್ ತಾಗಿದಾಗ ನಿಕೋಟಿನ್ ಲವಣವಾಗುತ್ತದೆ. ಆ ಲವಣ ಆವಿಯಾಗುವುದಿಲ್ಲ, ನೀರಿನಲ್ಲಿ ಕರಗುತ್ತದೆ, ಒರೆಸಿದರೆ ಬಟ್ಟೆಗೆ ಬರುತ್ತದೆ. ಆದರೆ ಮೇಲೆ ಟಾರಿನ ಪದರ ಇದ್ದರೆ ವಿನೆಗರ್ ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಆಮ್ಲ, ಕೊನೆಗೆ ಮತ್ತೆ ಬರೀ ನೀರು. ಈ ಕ್ರಮ ತಪ್ಪಬಾರದು. ಸೋಡಾ ಮತ್ತು ವಿನೆಗರ್ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದರೆ ನೊರೆ ಉಕ್ಕುತ್ತದೆ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಉಳಿಯುವುದು ಯಾವ ಕೆಲಸಕ್ಕೂ ಬಾರದ ಉಪ್ಪುನೀರು.

ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸುಮಾರು 4 ಶೇಕಡಾ ಇರುತ್ತದೆ. ಗಟ್ಟಿ ಮೇಲ್ಮೈಗೆ ಅದಕ್ಕೆ ಸಮ ನೀರು ಸೇರಿಸಿ. ಸಿಟ್ರಿಕ್ ಆಸಿಡ್ ಪುಡಿಯಾದರೆ ಲೀಟರಿಗೆ 20 ಗ್ರಾಂ. ಇದಕ್ಕೆ ತನ್ನದೇ ವಾಸನೆ ಇಲ್ಲ, ಅಗ್ಗ ಕೂಡ. ಸೋಪಿನ ಹಂತದಲ್ಲಿ ವಾಸನೆ ಇದ್ದಕ್ಕಿದ್ದಂತೆ ಜಾಸ್ತಿಯಾಯಿತು ಅಂದರೆ ಗಾಬರಿ ಬೇಡ. ಕ್ಷಾರ ತಾಗಿದಾಗ ನಿಕೋಟಿನ್ ಆವಿಯಾಗುವ ರೂಪಕ್ಕೆ ತಿರುಗುತ್ತದೆ. ಕಿಟಕಿ ತೆರೆದಿಡಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ. ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ.

ಮಗುವಿನ ವಿಷಯ: ಇದು ಬರೀ ವಾಸನೆಯ ಪ್ರಶ್ನೆ ಅಲ್ಲ. ಮೇಲ್ಮೈಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿನ ನೈಟ್ರಸ್ ಆಸಿಡ್ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳನ್ನು ಹುಟ್ಟಿಸುತ್ತದೆ ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ತೋರಿಸಿದರು. ನೈಟ್ರಸ್ ಆಸಿಡ್ ಗ್ಯಾಸ್ ಒಲೆಯಿಂದಲೂ ಬರುತ್ತದೆ. ಅಂಬೆಗಾಲಿಡುವ ಮಗು ಸೋಫಾ ಹಿಡಿದು ನಿಲ್ಲುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಪರಿಮಳ ಹಾಕಿ ವಾಸನೆ ಮುಚ್ಚುವ ಯಾವ ಉಪಾಯವನ್ನೂ ನಿಮ್ಮ ಲೆಕ್ಕದಿಂದ ತೆಗೆದುಬಿಡಿ.

ಬಡಿಗೇರ_ಹುಬ್ಬಳ್ಳಿ

ಬೀರು ಉಳಸ್ಕೊಳ್ರಿ. ತೇಗದ್ದು ಅಂದ್ರ ಬಿಡೂ ಮಾತ ಇಲ್ಲ. ಹೊರಗಿನ ಪಾಲಿಶ್ ಮ್ಯಾಲ ವಾಸನಿ ಭಾಳ ಕೂಡಂಗಿಲ್ಲ, ಒರಿಸಿದ್ರ ಹೋಗತೈತಿ. ಕೂಡೂದು ಪಾಲಿಶ್ ಕಾಣದ ಜಾಗಾದಾಗ: ಡ್ರಾಯರಿನ ತಳ, ಅದರ ಹಿಂಬದಿ, ಖಾನೇದ ಹಲಗಿ ಕೆಳಮೈ, ಹಿಂದಿನ ಪ್ಲೈ, ಕನ್ನಡಿ ಇದ್ರ ಅದರ ಹಿಂದಿನ ಹಲಗಿ. ಮಂದಿ ಕಣ್ಣಿಗೆ ಕಾಣೂದನ್ನ ನಾಕ ಸಲ ತಿಕ್ಕತಾರ, ಇವನ್ನ ಮುಟ್ಟಂಗಿಲ್ಲ.

ಮೊದ್ಲ ಪೂರಾ ಬಿಚ್ಚರಿ. ಡ್ರಾಯರ್ ಹೊರಗ ತಗೀರಿ, ಹಿಡಿಕಿ, ಕೀಲಿ ಬಿಚ್ಚಿಡ್ರಿ, ಖಾನೇದಾಗ ಹಾಸಿದ ಹಳೇ ಪೇಪರ್ ಕಿತ್ತ ಒಗೀರಿ. ಹಿಂದಿನ ಪ್ಲೈ ಮೊಳಿ ಹೊಡದ ಕೂಡಿಸಿರ್ತಾರ. 4 ಎಂ.ಎಂ. ಪ್ಲೈ ಆಗಿದ್ರ ಅದನ್ನ ಉಳಸಾಕ ಹೋಗಬ್ಯಾಡ್ರಿ, ಹೊಸಾದ ಹಾಕ್ರಿ. ಎರಡೂ ಮೈ ಬರೀ ಮರ, ಎಲ್ಲಾಕಿಂತ ಜಾಸ್ತಿ ಕುಡದಿರೂದು ಅದ.

ಹೊರಗ ಯಾವ ಪಾಲಿಶ್ ಐತಿ ನೋಡ್ಕೋರಿ. ಕಾಣದ ಮೂಲ್ಯಾಗ ಸ್ಪಿರಿಟ್ ಅದ್ದಿದ ಹತ್ತಿ ಅರ್ಧ ನಿಮಿಷ ಒತ್ತಿ ಹಿಡೀರಿ. ಅಂಟಾತು ಅಂದ್ರ ಅರಗಿನ ಪಾಲಿಶ್. ಅದಕ್ಕ ಸ್ಪಿರಿಟ್ ಬ್ಯಾಡ, ವಾಷಿಂಗ್ ಸೋಡಾನೂ ಬ್ಯಾಡ, ಎರಡೂ ಪಾಲಿಶ್ ಎಬ್ಬಸ್ತಾವು. ಎರಡ ಲೀಟರ್ ಉಗುರುಬೆಚ್ಚನ ನೀರಿಗೆ ಒಂದ ಚಮಚ ಪಾತ್ರೆ ತೊಳಿಯೂ ಲಿಕ್ವಿಡ್, ಬಟ್ಟಿ ಗಟ್ಟಿ ಹಿಂಡಿ ಒರಸ್ರಿ. ಆಮ್ಯಾಲ ಒಂದ ಪಾಲು ವಿನೆಗರ್, ಮೂರು ಪಾಲು ನೀರು. ಹಿಂದಿಂದ ಒಣಾ ಬಟ್ಟಿ. ಮೆಲಮೈನ್, ಪಿಯು (ಪಾಲಿಯುರೆಥೇನ್) ಪಾಲಿಶ್ ಇದ್ರ ಇಷ್ಟ ಹೆದರಿಕಿ ಬ್ಯಾಡ.

ಒಳಗಿನ ಬರೀ ಮರಕ್ಕ ಮೇಷ್ಟ್ರು ಹೇಳಿದ ಕ್ರಮಾನ. ಆದ್ರ ಎರಡ ಮಾತು. ನೀರು ಸುರೀಬ್ಯಾಡ್ರಿ, ಹಿಂಡಿದ ಬಟ್ಟೀಲೇ ಕೆಲಸ ಆಗಬೇಕು. ಇನ್ನೊಂದು, ತೇಗಕ್ಕ ವಿನೆಗರ್ ಹಚ್ಚಿ ಸ್ಟೀಲ್ ಉಣ್ಣಿಲೆ ತಿಕ್ಕೀರಿ, ಜೋಕೆ. ವಿನೆಗರಿನ್ಯಾಗ ಕಬ್ಬಿಣ ಕರಗಿ ಮರದೊಳಗಿನ ಒಗರಿಗೆ ಕೂಡ್ತು ಅಂದ್ರ ಶಾಯಿ ಚೆಲ್ಲಿದಂಗ ಕರೀ ಕಲಿ ಬೀಳತೈತಿ. ಮೊಳಿ ಸುತ್ತ ಕರ್ರಗಾಗೂದು ಇದಕ್ಕ. ನೈಲಾನ್ ಪ್ಯಾಡ್ ಬಳಸ್ರಿ.

ಬ್ಯಾಸಗ್ಯಾಗ ಮೂರು ದಿನ, ಮಳಿಗಾಲದಾಗ ಒಂದ ವಾರ ಫ್ಯಾನ್ ಕೆಳಗ ಆರಾಕ ಬಿಡ್ರಿ. ನೆರಳಾಗ. ಬಿಸಲಿಗಿಟ್ರ ಹಲಗಿ ಸೊಟ್ಟಗಾಗತಾವು, ವಿನಿಯರ್ ಇದ್ರ ಎದ್ದ ಬರತೈತಿ. ಆರಿದ ಮ್ಯಾಲ 120 ನಂಬರ್ ಉಪ್ಪಿನ ಕಾಗದ, ನಂತರ 220. ಈ ಪುಡಿಯೊಳಗ ನಿಕೋಟಿನ್ ಇರತೈತಿ, ಎನ್95 ಮಾಸ್ಕ್ ಹಾಕ್ಕೊಂಡ ಹೊರಗ ಕುಂತ ಮಾಡ್ರಿ.

ಕಡೀಗೆ ಸೀಲ್ ಮಾಡೂದು. ಇದನ್ನ ಬಿಟ್ರ ಹಿಂದಿನದೆಲ್ಲಾ ಅರ್ಧ ಕೆಲಸ. ಒಂದ ಲೀಟರ್ ಸ್ಪಿರಿಟಿಗೆ 200 ಗ್ರಾಂ ಅರಗಿನ ಹಳಕು, ಅಂದ್ರ ಶೆಲ್ಲಾಕ್, ರಾತ್ರಿ ನೆನೀಲಿ. ಮುಂಜಾನಿ ತೆಳು ಬಟ್ಟ್ಯಾಗ ಸೋಸಿ ಬ್ರಷ್ಶಿಲೇ ಹಚ್ಚರಿ. ಒಂದ ತಾಸು ಬಿಟ್ಟ ಎರಡನೇ ಕೈ. ಹಲಗಿ ತುದಿ, ಅಂದ್ರ ಕೊಯ್ದ ಮಕ, ಭಾಳ ಕುಡೀತೈತಿ, ಅಲ್ಲಿ ಮೂರನೇ ಕೈ ಬೇಕು. ಮ್ಯಾಲ, ಕೆಳಗ, ಅಂಚು, ಎಲ್ಲಾ ಕಡೆ. ಒಂದ ಮೈ ಬಿಟ್ರ ವಾಸನಿ ಅಲ್ಲಿಂದ ಬರತೈತಿ. ಡ್ರಾಯರ್ ಜಾರೂ ಪಟ್ಟಿಗೆ ಮಾತ್ರ ದಪ್ಪ ಹಚ್ಚಬ್ಯಾಡ್ರಿ, ಮಳಿಗಾಲದಾಗ ಕಚ್ಕೊಂಡ ಕುಂದರತೈತಿ. ಅಲ್ಲಿ ತೆಳು ಒಂದ ಕೈ ಹಚ್ಚಿ, ಒಣಗಿದ ಮ್ಯಾಲ ಮೇಣದಬತ್ತಿ ತಿಕ್ಕರಿ.

ಸ್ಪಿರಿಟ್ ಕೆಲಸ ನಡಿಯೂವಾಗ ದೇವರ ಮನಿ ದೀಪ, ಊದಿನಕಡ್ಡಿ, ಗ್ಯಾಸ್ ಎಲ್ಲಾ ಬಂದ್.

ತೇಗ_ಬೀಟೆ

ಬಡಿಗೇರರ ಮಾತಿಗೆ ಒಂದು ತಿದ್ದುಪಡಿಯಲ್ಲ, ಒಂದು ಎಚ್ಚರ. ಮಳೆ ಬರುವ ದಿನ ಶೆಲ್ಲಾಕ್ ಹಚ್ಚಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಲು ಬಿದ್ದ ಹಾಗೆ ಬೆಳ್ಳಗಾಗುತ್ತದೆ. ಆದರೆ ಗಾಬರಿ ಬೇಡ, ಒಣ ದಿನ ನೋಡಿ ಸ್ಪಿರಿಟ್ ಬಟ್ಟೆ ತೆಳ್ಳಗೆ ಆಡಿಸಿದರೆ ಹೋಗುತ್ತದೆ. ಕಲಸಿ ತುಂಬ ತಿಂಗಳು ಇಟ್ಟ ಶೆಲ್ಲಾಕ್ ಕೂಡ ಬೇಡ, ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಗಾಜಿನ ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿ; ಹತ್ತು ಹದಿನೈದು ನಿಮಿಷದಲ್ಲಿ ಉಗುರಿಗೆ ಅಂಟದಿದ್ದರೆ ಸರಿ.

ಮೇಲೆ ಪಿಯು ಹೊಡೆಸುವ ಯೋಚನೆ ಇದ್ದರೆ ಮೇಣ ತೆಗೆದ ಶೆಲ್ಲಾಕ್ ಎಂದೇ ಕೇಳಿ ತನ್ನಿ. ಮಾಮೂಲಿ ಅರಗಿನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ಕೂರುವುದಿಲ್ಲ, ಹಾಳೆ ಹಾಳೆಯಾಗಿ ಏಳುತ್ತದೆ.

ಇನ್ನು ಪಾರ್ಟಿಕಲ್ ಬೋರ್ಡ್ ಸಾಮಾನು, ಅಂದರೆ ಹೊರಗೆ ಲ್ಯಾಮಿನೇಟ್ ಅಂಟಿಸಿದ ರೆಡಿಮೇಡ್ ವಾರ್ಡ್‌ರೋಬ್, ಕಂಪ್ಯೂಟರ್ ಟೇಬಲ್. ಲ್ಯಾಮಿನೇಟ್ ಮೇಲ್ಮೈ ಸುಲಭ. ವಾಸನೆ ಇರುವುದು ಪಟ್ಟಿ ಅಂಟಿಸದೆ ಬಿಟ್ಟ ಅಂಚುಗಳಲ್ಲಿ, ಸ್ಕ್ರೂ ತೂತುಗಳಲ್ಲಿ, ಕೆಳಮೈಯಲ್ಲಿ. ಅಲ್ಲಿ ನೀರು ತಾಗಿದರೆ ಬೋರ್ಡ್ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಒದ್ದೆ ಮಾಡದೆ ನೇರವಾಗಿ ಶೆಲ್ಲಾಕ್ ಎರಡು ಕೈ ಹಚ್ಚಿ. ಹಿಂದಿನ ತೆಳು ಹಾರ್ಡ್‌ಬೋರ್ಡ್ ಬದಲಿಸಿ. ಇಷ್ಟಕ್ಕೆ ಆಗುವ ಖರ್ಚು ಆ ವಾರ್ಡ್‌ರೋಬಿನ ಬೆಲೆಯ ಹತ್ತಿರ ಬಂದರೆ ಬಿಟ್ಟುಬಿಡುವುದೇ ಜಾಣತನ.

ಬರ್ಲಿನ್_ಕನ್ನಡತಿ

ಸಾಮಾನಿಗೆ ಬಣ್ಣ ಬಳಿಯುವ ಯೋಚನೆ ಇರುವವರಿಗೆ: ನೀರಿನ ಪ್ರೈಮರ್ ಅಥವಾ ಎಮಲ್ಷನ್ ನೇರವಾಗಿ ಬಳಿದರೆ ನಿಕೋಟಿನ್ ಕಲೆ ನೀರಿನಲ್ಲಿ ಕರಗಿ ಮೇಲೆದ್ದು ಬರುತ್ತದೆ. ಬಿಳಿ ಬಣ್ಣದ ಮೇಲೆ ಚಹಾ ಬಣ್ಣದ ಹನಿ ಹನಿ ಗುರುತು. ಎಷ್ಟು ಕೈ ಬಳಿದರೂ ಅಷ್ಟೂ ಕೈಯಿಂದ ತೂರಿ ಬರುತ್ತದೆ. ಇಲ್ಲಿ ಜರ್ಮನಿಯಲ್ಲಿ ಮತ್ತು ಅಮೆರಿಕದಲ್ಲಿ ಇದಕ್ಕೆಂದೇ ಬಿಳಿ ಬಣ್ಣ ಬೆರೆಸಿದ ಶೆಲ್ಲಾಕ್ ಪ್ರೈಮರ್ ಸಿಗುತ್ತದೆ, ಝಿನ್ಸರ್ ಬಿ-ಐ-ಎನ್ ಅನ್ನುವುದು ಹೆಸರುವಾಸಿ. ಊರಲ್ಲಿ ಅದಕ್ಕಾಗಿ ಹುಡುಕುತ್ತ ಕೂರಬೇಕಿಲ್ಲ. ಮೇಲೆ ಹೇಳಿದ, ಮೇಣ ತೆಗೆದ ಶೆಲ್ಲಾಕ್ ಎರಡು ಕೈ, ಅದರ ಮೇಲೆ ಪ್ರೈಮರ್ ನಡೆಯುತ್ತದೆ. ಬ್ರಷ್ ತೊಳೆಯಲು ಸ್ಪಿರಿಟ್ ಬೇಕು, ನೀರು ಆಗದು.

ಸೂಜಿ_ಟ್ಯಾಕ್ಸು

ಸೋಫಾ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಒಳ್ಳೆ ಸುದ್ದಿ ಇಲ್ಲ. ಫೋಮ್ ಅಂದರೆ ಒಂದಕ್ಕೊಂದು ತೆರೆದುಕೊಂಡ ಗಾಳಿಗುಳ್ಳೆ. ಪ್ರತಿ ಸಲ ಕೂತಾಗ ಒಳಗಿನ ಗಾಳಿ ಹೊರಗೆ ಬರುತ್ತದೆ, ಎದ್ದಾಗ ಕೋಣೆಯ ಗಾಳಿ ಒಳಗೆ ಹೋಗುತ್ತದೆ. ಸೇದುವವರ ಮನೆಯಲ್ಲಿ ವರ್ಷಗಟ್ಟಲೆ ಹೀಗೆ ಹೊಗೆ ಕುಡಿದ ಫೋಮನ್ನು ಮೇಲಿಂದ ತೊಳೆದು ಪ್ರಯೋಜನವಿಲ್ಲ. ಶಾಂಪೂ ಮಾಡುವವರು ಮಷಿನ್ ತಂದು ಮೇಲಿನ ಅರ್ಧ ಇಂಚು ತೊಳೆಯುತ್ತಾರೆ, ಒಳಗೆ ಇಳಿದ ನೀರು ಆರದೆ ಮುಗ್ಗಲು ವಾಸನೆಯೂ ಸೇರಿಕೊಳ್ಳುತ್ತದೆ. ಸ್ಟೀಮ್ ಮಾಡಿಸಿದರೂ ಇದೇ ಕಥೆ.

ಮೊದಲು ಸೋಫಾ ಮಗುಚಿ. ತಳದಲ್ಲಿ ಕಪ್ಪು ತೆಳು ಬಟ್ಟೆ ಸ್ಟೇಪಲ್ ಮಾಡಿರುತ್ತಾರೆ. ಒಂದು ಬದಿ ಬಿಚ್ಚಿ ಒಳಗೆ ನೋಡಿ. ಚೌಕಟ್ಟು ತೇಗವೋ ಹೊನ್ನೆಯೋ ಆಗಿದ್ದು ಗಟ್ಟಿ ಇದ್ದರೆ ರಿಪೇರಿಗೆ ಅರ್ಥವಿದೆ. ಪ್ಯಾಕಿಂಗ್ ಪೆಟ್ಟಿಗೆಯ ಮರ, ಪ್ಲೈ ತುಂಡು ಸೇರಿಸಿ ಮಾಡಿದ್ದಾದರೆ ಗುಜರಿಗೆ ಹಾಕಿ.

ರಿಪೇರಿ ಅಂದರೆ ಪೂರ್ತಿ ರಿಪೇರಿ: ಬಟ್ಟೆ, ಫೋಮ್, ಫೋಮ್ ಕೆಳಗಿನ ಗೋಣಿ ಅಥವಾ ಪಟ್ಟಿ, ತಳದ ಕಪ್ಪು ಬಟ್ಟೆ, ಎಲ್ಲ ತೆಗೆಸಿ. ಬರಿದಾದ ಚೌಕಟ್ಟನ್ನು ವಿನೆಗರ್ ನೀರಲ್ಲಿ ಒರೆಸಿ, ಆರಿಸಿ, ಶೆಲ್ಲಾಕ್ ಹಚ್ಚಿ ಆಮೇಲೆ ಹೊಸ ಫೋಮ್ ಕೂರಿಸಲಿ. ಸೀಟಿಗೆ 40 ಡೆನ್ಸಿಟಿ, ಒರಗುವ ಕಡೆಗೆ 32 ಸಾಕು. ಅಂಗಡಿಯವರು ಒರಗುವ ದಿಂಬಿನ ಹಳೆ ಫೋಮನ್ನು ‘ಚೆನ್ನಾಗಿದೆ, ಇರಲಿ’ ಅಂತ ಹಾಗೇ ಬಿಡುವುದುಂಟು. ಒಪ್ಪಬೇಡಿ. ಅದೊಂದು ಉಳಿದರೆ ಹೊಸ ಬಟ್ಟೆಗೂ ಅದೇ ವಾಸನೆ ಹತ್ತುತ್ತದೆ.

ಕುಶನ್ ಕವರಿಗೆ ಜಿಪ್ ಇದ್ದು ಬಟ್ಟೆ ಉಳಿಸುವ ಆಸೆ ಇದ್ದರೆ ತಣ್ಣೀರಲ್ಲಿ ಒಗೆಯಿರಿ, ಅರೆ ಒಣಗಿದ್ದಾಗಲೇ ಹೊಸ ಫೋಮಿಗೆ ತೊಡಿಸಿ. ಪೂರ್ತಿ ಒಣಗಿಸಿದರೆ ಅಂಚಿನ ಪೈಪಿಂಗ್ ಎಳೆದುಕೊಂಡು ಜಿಪ್ ಮುಚ್ಚುವುದಿಲ್ಲ. ರೆಕ್ಸಿನ್ ಸೋಫಾ ಮೇಲಿಂದ ಒರೆಸಿದರೆ ಹೊಳೆಯುತ್ತದೆ, ಮೋಸ ಹೋಗಬೇಡಿ. ಹೊಲಿಗೆಯ ತೂತುಗಳಿಂದ ಒಳಗಿನ ಫೋಮ್ ಉಸಿರಾಡುತ್ತಲೇ ಇರುತ್ತದೆ.

ಹಾಸಿಗೆ, ದಿಂಬು, ಮಗುವಿನ ತೊಟ್ಟಿಲ ಹಾಸು: ಹೊಗೆ ಹಿಡಿದದ್ದು ಪುಕ್ಕಟೆ ಕೊಟ್ಟರೂ ಬೇಡ. ಹತ್ತಿ ಹಾಸಿಗೆಯನ್ನು ಹಿಂಜಿಸಿದರೆ ಹೋಗುತ್ತದಾ ಅಂತ ಕೇಳುತ್ತಾರೆ. ಹೋಗುವುದಿಲ್ಲ. ಧೂಳು ಹೋಗುತ್ತದೆ, ಎಳೆಗೆ ಅಂಟಿದ್ದು ಎಳೆಯಲ್ಲೇ ಇರುತ್ತದೆ.

ಕಡಲತೀರ

ಪರದೆಗೆ ಚಿಂತೆ ಮಾಡುವುದು ಬೇಡ ಮಾರಾಯ್ರೆ, ಕಾಟನ್ ಆದರೆ ಹೋಗ್ತದೆ. ನಿಕೋಟಿನ್ ಹತ್ತಿಗೆ ಚೆನ್ನಾಗಿ ಹಿಡಿಯುವುದು ಹೌದು, ಆದರೆ ನೀರಿಗೆ ಬಿಟ್ಟುಕೊಡುವ ವಸ್ತು ಅದು. ನೇರ ಮೆಷಿನಿಗೆ ಹಾಕಬೇಡಿ. ಮೊದಲು ಬಕೆಟಿನಲ್ಲಿ ನೆನೆಸಿ: 10 ಲೀಟರ್ ಬಿಸಿನೀರು, ಕೈ ತಡೆಯುವಷ್ಟು ಬಿಸಿ, ಅದಕ್ಕೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಬಟ್ಟೆ ಸೋಪಿನ ಪುಡಿ. ಎರಡು ಗಂಟೆ. ನೀರು ಬ್ಲ್ಯಾಕ್ ಟೀಯ ಹಾಗೆ ಆಗ್ತದೆ. ಆ ನೀರು ಚೆಲ್ಲಿ ಮತ್ತೊಮ್ಮೆ ಅದೇ ರೀತಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ, ಆಮೇಲೆ ಮೆಷಿನು. ಕೊನೆಯ ಜಾಲಿಸುವ ನೀರಿಗೆ 10 ಲೀಟರಿಗೆ 100 ಎಂ.ಎಲ್. ವಿನೆಗರ್. ಒಣಗಿದ ಮೇಲೆ ಅದರ ಹುಳಿ ವಾಸನೆ ಉಳಿಯುವುದಿಲ್ಲ. ಗಾಢ ಬಣ್ಣದ ಪರದೆಯಾದರೆ ಒಂದು ಮೂಲೆ ಮೊದಲು ಅದ್ದಿ ನೋಡಿ, ಬಣ್ಣ ಬಿಡುವುದು ಉಂಟು.

ಪರಿಮಳದ ಫ್ಯಾಬ್ರಿಕ್ ಕಂಡಿಷನರ್ ಈ ಹಂತದಲ್ಲಿ ಬೇಡವೇ ಬೇಡ. ಅದು ಎಳೆಯ ಮೇಲೆ ಮೇಣದಂಥ ಪದರ ಕಟ್ಟುತ್ತದೆ, ಒಳಗೆ ಉಳಿದದ್ದು ಹೊರಗೆ ಬರಲು ದಾರಿ ಇಲ್ಲದೆ ಇನ್ನೂ ಎರಡು ಒಗೆತ ಹೆಚ್ಚು ಬೇಕಾಗ್ತದೆ.

ರೇಷ್ಮೆ, ಉಣ್ಣೆ ಈ ಲೆಕ್ಕಕ್ಕೆ ಸೇರಿಸಬೇಡಿ. ವಾಷಿಂಗ್ ಸೋಡಾ ತಾಗಿದರೆ ರೇಷ್ಮೆ ಎಳೆ ಬಲ ಕಳೆದುಕೊಳ್ತದೆ. ಜರಿ ಇದ್ದರೆ ವಿನೆಗರ್ ಸಹ ಬೇಡ. ನೆರಳಲ್ಲಿ ಗಾಳಿಗೆ ಹರಡಿ, ಹೋಗದಿದ್ದರೆ ಡ್ರೈಕ್ಲೀನಿಗೆ ಕೊಡಿ.

ಇನ್ನೊಂದು ವಿಷಯ. ನಮ್ಮ ಕಡೆಯವರು ಸಾಮಾನು ಏಪ್ರಿಲ್‌ನಲ್ಲಿ ಕ್ಲೀನ್ ಮಾಡಿ ‘ವಾಸನೆ ಹೋಯಿತು’ ಹೇಳ್ತಾರೆ, ಜೂನ್ ಬಂದಾಗ ಮತ್ತೆ ಶುರು. ಗಾಳಿಯಲ್ಲಿ ತೇವ ಹೆಚ್ಚಾದಾಗ ಮೇಲ್ಮೈಗೆ ಅಂಟಿಕೊಂಡದ್ದನ್ನು ನೀರಿನ ಕಣಗಳು ಎಬ್ಬಿಸಿ ಜಾಗ ಹಿಡಿಯುತ್ತವೆ, ಎದ್ದದ್ದು ಮೂಗಿಗೆ ಬರ್ತದೆ. ಆದ ಕಾರಣ ಕೆಲಸ ಮುಗಿಯಿತೋ ಇಲ್ಲವೋ ನೋಡಲಿಕ್ಕೆ ಮಳೆಗಾಲದವರೆಗೆ ಕಾಯಬೇಕಿಲ್ಲ. ಬೀರುವಿನೊಳಗೆ ಬಿಸಿನೀರಿನ ಪಾತ್ರೆ ಇಟ್ಟು ಬಾಗಿಲು ಹಾಕಿ, ಒಂದು ಗಂಟೆ ಬಿಟ್ಟು ಮೂಸಿ. ನೋಡಿದ ಮೇಲೆ ಪಾತ್ರೆ ತೆಗೆದು ಒಳಗೆ ಒರೆಸಿ ಗಾಳಿಗೆ ಬಿಡಿ, ಇಲ್ಲದಿದ್ದರೆ ಬೂಷ್ಟು ಬರ್ತದೆ.

ಗಲ್ಲಿಮನೆ

ಇಷ್ಟೆಲ್ಲ ಯಾಕೆ ಸರ್, ಓಝೋನ್ ಮಷಿನ್ ಬಾಡಿಗೆಗೆ ಸಿಗುತ್ತಲ್ಲ? ಕಾರಿಗೆ ಹೊಡೆಯುತ್ತಾರೆ. ಎಲ್ಲ ಸಾಮಾನು ಒಂದು ರೂಮಿಗೆ ತುಂಬಿ ಆನ್ ಮಾಡಿ ಬಾಗಿಲು ಹಾಕಿದರೆ ಮುಗೀತು.

ರಸಾಯನ_ಮೇಷ್ಟ್ರು

ಮುಗಿಯುವುದಿಲ್ಲ. ಓಝೋನ್ ತಾಗುವುದು ಮೇಲ್ಮೈಗೆ. ಫೋಮಿನ ಒಳಗೆ, ಮರದ ಒಳಗೆ ಇರುವುದು ಹಾಗೇ ಉಳಿಯುತ್ತದೆ, ವಾರ ಕಳೆದ ಮೇಲೆ ಹೊರಗೆ ಬರುತ್ತದೆ. ಅದಕ್ಕಿಂತ ಮುಖ್ಯ, ನಿಕೋಟಿನ್ ಜೊತೆ ಓಝೋನ್ ಸೇರಿದಾಗ ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ನಿಂಬೆ, ಪೈನ್ ಪರಿಮಳದ ಕ್ಲೀನರ್ ಬಳಸಿ ಒರೆಸಿದ್ದರೆ ಅದರಿಂದಲೂ ಫಾರ್ಮಾಲ್ಡಿಹೈಡ್ ಬರುತ್ತದೆ. ರಬ್ಬರ್ ಬಿರುಕು ಬಿಡುತ್ತದೆ, ಇಲಾಸ್ಟಿಕ್ ಸತ್ತುಹೋಗುತ್ತದೆ, ಬಟ್ಟೆಯ ಬಣ್ಣ ಮಂಕಾಗುತ್ತದೆ, ಪುಸ್ತಕದ ಕಾಗದ ಬಲ ಕಳೆದುಕೊಳ್ಳುತ್ತದೆ. ಜನ ಇರುವ ಜಾಗದಲ್ಲಿ ಓಝೋನ್ ಜನರೇಟರ್ ಬಳಸುವುದರ ವಿರುದ್ಧ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಪಷ್ಟವಾಗಿಯೇ ಎಚ್ಚರಿಸಿದೆ. ತೊಳೆದು ಒರೆಸಿದ ಗಟ್ಟಿ ಸಾಮಾನಿಗೆ ಖಾಲಿ ಕೋಣೆಯಲ್ಲಿ ಕೊನೆಯ ಹಂತವಾಗಿ ಬಳಸಿ, ಗಂಟೆಗಟ್ಟಲೆ ಗಾಳಿ ಆಡಿಸುವುದು ಒಂದು ಮಾತು. ತೊಳೆಯುವ ಬದಲಿಗೆ ಇದು ಅನ್ನುವುದು ಇನ್ನೊಂದು ಮಾತು. ಮಗು ಇರುವ ಮನೆಗೆ ನಾನು ಹೇಳುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು: ಬ್ಲೀಚಿಂಗ್ ಪುಡಿಯ ನೀರಿಗೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಟಾಯ್ಲೆಟ್ ಆಸಿಡ್ ಬೆರೆಸಿದರೂ ಅದೇ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೆರೆಸಿದರೆ ಕ್ಲೋರಮೈನ್. ಸಿಗರೇಟು ವಾಸನೆಗೆ ಬ್ಲೀಚ್ ಬೇಕಾಗಿಯೇ ಇಲ್ಲ.

ಪುಸ್ತಕಹುಳು

ಪುಸ್ತಕಕ್ಕೆ ಮೇಲಿನ ಯಾವ ದ್ರವವೂ ಇಲ್ಲ. ಸೋಡಾ ಪುಡಿ ಹಾಳೆಗಳ ನಡುವೆ ಉದುರಿಸಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಬೆನ್ನಿನ ಹೊಲಿಗೆಯೊಳಗೆ ಸಿಕ್ಕಿದ ಪುಡಿ ಎಂದೂ ಪೂರ್ತಿ ಹೊರಗೆ ಬರುವುದಿಲ್ಲ, ತೇವ ತಾಗಿದರೆ ಗಂಟಾಗುತ್ತದೆ. ಬೇಡ.

ಲ್ಯಾಮಿನೇಟ್ ಆದ ರಕ್ಷಾಕವಚವನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಬಹುದು. ಬಟ್ಟೆಯ ರಟ್ಟು, ಬರಿಯ ಕಾಗದದ ರಟ್ಟು ಆದರೆ ಒಣ ಬ್ರಷ್ ಮಾತ್ರ. ಮೂರೂ ಅಂಚುಗಳನ್ನು ಪುಸ್ತಕ ಬಿಗಿಯಾಗಿ ಒತ್ತಿ ಹಿಡಿದು ಬೆನ್ನಿನಿಂದ ಹೊರಮುಖವಾಗಿ ಬ್ರಷ್ ಮಾಡಿ. ಹೊಗೆಯ ಜಿಡ್ಡು ಹೆಚ್ಚು ಕೂತಿರುವುದು ಮೇಲಿನ ಅಂಚಿನಲ್ಲಿ.

ಆಮೇಲೆ ಆಕ್ಟಿವೇಟೆಡ್ ಕಾರ್ಬನ್. ಇದು ಅಕ್ವೇರಿಯಂ ಅಂಗಡಿಯಲ್ಲಿ ಕಾಳು ಕಾಳಾಗಿ ಸಿಗುತ್ತದೆ, ತೆಂಗಿನ ಚಿಪ್ಪಿನದು ಒಳ್ಳೆಯದು. ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಇದರ ಜಾಗಕ್ಕೆ ಬರುವುದಿಲ್ಲ. ಅದರ ಸೂಕ್ಷ್ಮ ರಂಧ್ರಗಳು ತೆರೆದಿರುವುದಿಲ್ಲ. ಗಟ್ಟಿ ಮುಚ್ಚಳದ 50 ಲೀಟರ್ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಅಗಲ ತಟ್ಟೆಯಲ್ಲಿ 500 ಗ್ರಾಂ ಕಾರ್ಬನ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಪುಸ್ತಕಗಳನ್ನು ನಿಲ್ಲಿಸಿ, ಹಾಳೆ ಬೀಸಣಿಗೆಯಂತೆ ಬಿಚ್ಚಿಕೊಂಡಿರಲಿ. ಒತ್ತಿ ಜೋಡಿಸಿದರೆ ನಡುವಿನ ಹಾಳೆಗಳಿಗೆ ಏನೂ ಆಗುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ವಾರಕ್ಕೊಮ್ಮೆ ತೆರೆದು ಹಾಳೆ ತಿರುವಿ ಮತ್ತೆ ಇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಹಾಕಿ, ಮುಚ್ಚಿದ ಡಬ್ಬಿಯಲ್ಲಿ ತೇವ ಉಳಿದರೆ ಬೂಷ್ಟು ಗ್ಯಾರಂಟಿ. ಬಿಸಿಲಿಗೆ ಹಾಕಿದರೆ ಬೇಗ ಹೋಗುತ್ತದೆ ನಿಜ, ಕಾಗದ ಹಳದಿಯಾಗಿ ಗರಿಗರಿ ಮುರಿಯುವುದೂ ಬೇಗ.

ಪೂರ್ತಿ ಹೋಗುವುದಿಲ್ಲ. ಕಪಾಟಿನಲ್ಲಿಟ್ಟರೆ ಗೊತ್ತಾಗದಷ್ಟಕ್ಕೆ ಇಳಿಯುತ್ತದೆ, ಮೂಗಿನ ಹತ್ತಿರ ತಂದರೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಇನ್ನೂ ಸಿಗುವ ಪುಸ್ತಕಕ್ಕೆ ಇಷ್ಟು ಕಷ್ಟಪಡಬೇಡಿ, ಹೊಸದು ತನ್ನಿ.

ಎಸ್ಪಿರೋಡ್_ಬೆಸುಗೆ

ಫ್ರಿಜ್ ಉಳಿಸಬಹುದು. ಒಳಗಿನ ಗೋಡೆ ಪ್ಲಾಸ್ಟಿಕ್, ಇನ್ಸುಲೇಷನ್ ಸೀಲ್ ಆಗಿರುತ್ತದೆ, ಹೊಗೆ ಅಲ್ಲಿಗೆ ಹೋಗಿರುವುದಿಲ್ಲ. ಪ್ಲಗ್ ತೆಗೆದು ಐಸ್ ಕರಗಿಸಿ, ಟ್ರೇಗಳನ್ನೆಲ್ಲ ಹೊರಗೆ ತೊಳೆಯಿರಿ. ಒಳಗೆ ಸೋಪಿನ ನೀರು, ಆಮೇಲೆ ಸಿಟ್ರಿಕ್ ಆಸಿಡ್ 20 ಗ್ರಾಂ ಲೀಟರಿಗೆ, ಆಮೇಲೆ ಬರೀ ನೀರು. ಫ್ರೀಜರ್ ಪೆಟ್ಟಿಗೆ ಅಲ್ಯೂಮಿನಿಯಂ, ಅಲ್ಲಿ ಆಮ್ಲ ನಿಲ್ಲಬಾರದು, ತಕ್ಷಣ ಒರೆಸಿ. ಥಿನ್ನರ್ ಎಲ್ಲೂ ಬೇಡ, ಪ್ಲಾಸ್ಟಿಕ್ ಕರಗುತ್ತದೆ.

ಎಲ್ಲರೂ ಮರೆಯುವುದು ಎರಡು ಜಾಗ. ಒಂದು, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್. ಮಡಿಕೆಯ ಒಳಗೆ ಕಂದು ಜಿಡ್ಡು ಗೆರೆ ಕಟ್ಟಿರುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಕೂತಿರುವ ಸಂದಿನಿಂದ ಎಳೆದರೆ ಬಿಡಿಸಿಕೊಳ್ಳುತ್ತದೆ. ಬೆಚ್ಚಗಿನ ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಗಟ್ಟಿಯಾಗಿ ಸೆಟೆದಿದ್ದರೆ ಹೊಸದು ಹಾಕಿಸಿ, ಹೇಗೂ ತಂಪು ಸೋರುತ್ತಿರುತ್ತದೆ. ಎರಡು, ಹಿಂದೆ ಕಂಪ್ರೆಸರ್ ಮೇಲೆ ನೀರು ಬೀಳುವ ಟ್ರೇ. ಕಂಪ್ರೆಸರ್ ಬಿಸಿಗೆ ಅದರಲ್ಲಿರುವುದೆಲ್ಲ ಆವಿಯಾಗಿ ಅಡುಗೆಮನೆ ತುಂಬುತ್ತದೆ. ‘ಒಳಗೆ ವಾಸನೆ ಇಲ್ಲ, ಫ್ರಿಜ್ ಪಕ್ಕ ನಿಂತರೆ ಬರುತ್ತದೆ’ ಅಂದರೆ ಈ ಟ್ರೇ ಅಂತ ತಿಳಿಯಿರಿ.

ಸೇದುವವರ ಮನೆಯ ಕಂಪ್ಯೂಟರ್, ಆಂಪ್ಲಿಫೈಯರ್ ಕೊಳ್ಳುವವರಿಗೆ: ಒಳಗಿನ ಧೂಳು ಊದಿದರೆ ಹಾರುವುದಿಲ್ಲ, ಟಾರ್ ಸೇರಿ ಅಂಟಿರುತ್ತದೆ. ಆನ್ ಮಾಡಿ ಬಿಸಿಯಾದಾಗ ವಾಸನೆ ಬರುತ್ತದೆ. ಫ್ಯಾನ್ ಬಿಚ್ಚಿ ರೆಕ್ಕೆಗಳನ್ನು, ಹೀಟ್‌ಸಿಂಕನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ. 99 ಶೇಕಡಾದ್ದೇ ಬೇಕು, ಸ್ಯಾನಿಟೈಸರ್ ಆಗುವುದಿಲ್ಲ. ಪೂರ್ತಿ ಆರದೆ ಕರೆಂಟ್ ಕೊಡಬೇಡಿ. ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟು ಕಿತ್ತು ತೊಳೆಯಬಹುದು, ಕಾಗದದ ಕೋನ್ ಮುಟ್ಟಬೇಡಿ. ಪವರ್ ಸಪ್ಲೈ ಪೆಟ್ಟಿಗೆ ಬಿಚ್ಚುವ ಸಾಹಸ ಬೇಡ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ.

ಮನೆವಾರ್ತೆ

ಎಲ್ಲರಿಗೂ ಥ್ಯಾಂಕ್ಸ್. ಸೋಫಾ ತಳ ಬಿಚ್ಚಿ ನೋಡಿದರೆ ಪ್ಲೈ ತುಂಡುಗಳೇ, ಗುಜರಿಗೆ ಹಾಕುತ್ತಿದ್ದೇವೆ. ಇನ್ನು ಮುಂದೆ ಕೊಳ್ಳುವಾಗಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಇವರ ಮನೆಗೆ ಹೋದಾಗ ರೂಮ್ ಫ್ರೆಶ್‌ನರ್ ವಾಸನೆ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ.

ತೇಗ_ಬೀಟೆ

ರೂಮ್ ಫ್ರೆಶ್‌ನರ್ ಹೊಡೆದಿದ್ದಾರೆ ಅನ್ನುವುದೇ ಮೊದಲ ಸುಳಿವು. ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಯೇ ಆಗಲಿ, ಆನ್‌ಲೈನಲ್ಲಿ ನೋಡಿ ಹೋದ ಮನೆಯೇ ಆಗಲಿ, ಮಾಡುವುದು ಒಂದೇ. ಜೇಬಿನಲ್ಲಿ ಸ್ವಲ್ಪ ಬಿಳಿ ಹತ್ತಿ, ಚಿಕ್ಕ ಬಾಟಲಿಯಲ್ಲಿ ವಿನೆಗರ್ ನೀರು ಇರಲಿ. ಮೇಲಿನ ಖಾನೆಯ ಮೂಲೆ, ಡ್ರಾಯರಿನ ಹಿಂಬದಿ, ಫ್ರಿಜ್ಜಿನ ನೆತ್ತಿ ಒರೆಸಿ. ಬೂದು ಬಣ್ಣ ಬಂದರೆ ಧೂಳು. ಹಳದಿಮಿಶ್ರಿತ ಕಂದು ಬಂದು ಬೆರಳಿಗೆ ಅಂಟಿದರೆ ತಂಬಾಕು ಇದ್ದೀತು. ಅಡುಗೆಮನೆಯ ಎಣ್ಣೆ ಜಿಡ್ಡೂ ಹೀಗೇ ಕಾಣುತ್ತದೆ, ಮೂಸಿದರೆ ತಿಳಿಯುತ್ತದೆ. ಗೋಡೆಯ ಕ್ಯಾಲೆಂಡರ್ ಅಥವಾ ಫೋಟೋ ಸರಿಸಿ ನೋಡಿ, ಹಿಂದೆ ಬಿಳಿ ಚೌಕ ಕಂಡರೆ ಮಾತಾಡುವುದೇ ಬೇಡ.

ಡ್ರಾಯರ್ ಮುಚ್ಚಿ, ಐದು ನಿಮಿಷ ಹೊರಗಿನ ಗಾಳಿಗೆ ಹೋಗಿ ಬಂದು, ಆಮೇಲೆ ತೆರೆದು ಮೂಸಿ. ವಾಸನೆಯ ಕೋಣೆಯಲ್ಲಿ ನಿಂತ ಮೂಗು ಎರಡು ಮೂರು ನಿಮಿಷಕ್ಕೆ ಸುಮ್ಮನಾಗಿಬಿಡುತ್ತದೆ. ಬೆಳಗಿನ ತಂಪಿಗಿಂತ ಮಧ್ಯಾಹ್ನದ ಸೆಕೆಯಲ್ಲಿ ನೋಡುವುದು ಮೇಲು. ಹಳೇ ಬೀರುವಿನ ಒಳಗಷ್ಟೇ ಹೊಸ ವಾರ್ನಿಷ್ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಒಲೆ ಹೊಗೆ ಹಿಡಿದ ಹಳ್ಳಿಮನೆಯ ಸಾಮಾನು ಬೇರೆ, ಅದರಲ್ಲಿ ನಿಕೋಟಿನ್ ಇಲ್ಲ, ಸೋಪಿನ ನೀರಿಗೇ ಬಹಳ ಮಟ್ಟಿಗೆ ಬಗ್ಗುತ್ತದೆ.

ಶ್ರುತಿಪೆಟ್ಟಿಗೆ

ಇಲ್ಲೇ ಕೇಳಿಬಿಡುತ್ತೇನೆ: ಹಳೇ ಹಾರ್ಮೋನಿಯಂ. ತಿದಿ ಒತ್ತಿದಾಗೆಲ್ಲ ಬೀಡಿ ವಾಸನೆ ಮುಖಕ್ಕೇ ಊದುತ್ತದೆ. ವಿನೆಗರ್ ಹಚ್ಚಬಹುದೇ?

ತೇಗ_ಬೀಟೆ

ಒಳಗೆ ಖಂಡಿತ ಬೇಡ. ರೀಡುಗಳು ಹಿತ್ತಾಳೆ, ಆಮ್ಲವೂ ಅಮೋನಿಯಾವೂ ತಿನ್ನುತ್ತವೆ, ಶ್ರುತಿ ಹೋಗುತ್ತದೆ. ತಿದಿ ರಟ್ಟಿನದು, ಮಡಿಕೆಗೆ ಬಟ್ಟೆಯೋ ಚರ್ಮವೋ ಅಂಟಿಸಿರುತ್ತಾರೆ, ತೇವ ತಾಗಿದರೆ ಅಂಟು ಬಿಡುತ್ತದೆ. ಹೊರಮೈಯನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ. ಮೇಲಿನ ಮುಚ್ಚಳ ತೆಗೆದು, ತಿದಿಯ ಮಡಿಕೆಗಳನ್ನು ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿ ನಿಲ್ಲಿಸಿ ಒಣ ಬ್ರಷ್ ಆಡಿಸಿ. ಆಮೇಲೆ ಪುಸ್ತಕಹುಳು ಹೇಳಿದ ಕಾರ್ಬನ್ನನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ವಾದ್ಯದ ಜೊತೆ ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ. ಚೀಲದ ಹೊಲಿಗೆ ಗಟ್ಟಿಯಿರಲಿ. ಒಂದು ಕಾಳು ರೀಡಿನ ಸಂದಿಗೆ ಬಿದ್ದರೆ ಆ ಸ್ವರ ಕಟ್ಟಿಹೋಗುತ್ತದೆ. ದಿನಕ್ಕೊಮ್ಮೆ ಹೊರಗೆ ತೆಗೆದು, ಕಿಟಕಿಯ ಬಳಿ ಎಲ್ಲ ಸ್ಟಾಪ್ ತೆರೆದು ಐದು ನಿಮಿಷ ತಿದಿ ಒತ್ತಿ, ಒಳಗಿನ ಗಾಳಿ ಬದಲಾಗಲಿ. ತಿಂಗಳಾದರೂ ಇಳಿಯದಿದ್ದರೆ ವಾಸನೆ ತಿದಿಯ ಬಟ್ಟೆಯಲ್ಲೇ ಇದೆ. ಹಾರ್ಮೋನಿಯಂ ರಿಪೇರಿಯವರ ಹತ್ತಿರ ತಿದಿ ಹೊಸದಾಗಿ ಕಟ್ಟಿಸಿ, ಅದೇ ಹೊತ್ತಿಗೆ ರೀಡ್ ಹಲಗೆಯ ಕೆಳಮೈ ಒಣ ಬಟ್ಟೆಯಲ್ಲಿ ಒರೆಸಲು ಹೇಳಿ.